ತಕ್ಕಡಿಯ ಕಲ್ಲು

ತೂಕದ ಯಂತ್ರದ ಮೇಲೆ ಬರಿಗಾಲಲ್ಲಿ ನಿಂತಿದ್ದೀರಿ. ಕಬ್ಬಿಣದ ತಂಪು ಅಂಗಾಲಿನಿಂದ ಮೊಣಕಾಲಿಗೆ ಏರುತ್ತಿದೆ. 2020ರ ಕೊನೆಯ ತಿಂಗಳುಗಳು. ಸೇನಾ ಆಸ್ಪತ್ರೆಯ ಕೋಣೆಯ ತುಂಬ ಸ್ಯಾನಿಟೈಸರ್ ವಾಸನೆ, ಮಾಸ್ಕಿನೊಳಗೆ ನಿಮ್ಮದೇ ಬಿಸಿಯುಸಿರು. ನಿಮಗೇ ಗೊತ್ತಿಲ್ಲದೆ ಹೊಟ್ಟೆ ಒಳಗೆಳೆದುಕೊಂಡಿದ್ದೀರಿ. ಮುಳ್ಳು ತೂಗಾಡಿ ನಿಲ್ಲುತ್ತದೆ. ಮೇಜಿನಾಚೆ ಪೆನ್ನು ಕಾಗದ ಕೆರೆಯುವ ಸದ್ದು. ಏನು ಬರೆದರೋ ಇಲ್ಲಿಂದ ಕಾಣುವುದಿಲ್ಲ.

ಸೇನೆಯಲ್ಲಿ ಕಾಯಂ ಆಗಲು, ಅಂದರೆ ಪರ್ಮನೆಂಟ್ ಕಮಿಷನ್ ಪಡೆಯಲು, ಸಾಲಿನಲ್ಲಿರುವ 615 ಮಹಿಳಾ ಅಧಿಕಾರಿಗಳಲ್ಲಿ ನೀವೊಬ್ಬರು ಎಂದುಕೊಳ್ಳಿ. ಊರು ಸಂಪಗಾಂವ. ಓದಿದ್ದು ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆಯಲ್ಲಿ. ವಯಸ್ಸು ನಲವತ್ತೈದು. ನಡು ಎರಡು ಹೆರಿಗೆ ಕಂಡಿದೆ. ಗಡಿಯ ಚಳಿಗಾಲಗಳ ಲೆಕ್ಕವನ್ನು ಬಲ ಮೊಣಕಾಲು ಮರೆತಿಲ್ಲ.

ಇವತ್ತು ದಾಟಬೇಕಾದ ಗೆರೆಯ ಹೆಸರು ಶೇಪ್-1. ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಎಲ್ಲವೂ ಮೊದಲ ದರ್ಜೆಯಲ್ಲಿರಬೇಕು. ನಿಮ್ಮ ಓರಗೆಯ ಗಂಡಸರು ಈ ಗೆರೆ ದಾಟಿದ್ದು ಸೇವೆಯ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ, ಮೈಯಲ್ಲಿ ಹರೆಯವಿದ್ದಾಗ. ಆಮೇಲೆ ಅವರ ಮಂಡಿ ಸವೆದರೂ ನೌಕರಿಗೆ ಕುತ್ತಿಲ್ಲ. ನಿಮ್ಮನ್ನು ಆಗ ಯಾರೂ ಕರೆಯಲಿಲ್ಲ. ಈಗ ಕರೆದು, ಅದೇ ಗೆರೆ ತೋರಿಸುತ್ತಿದ್ದಾರೆ.

ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ತೂಗಿಸಿ ಬಂದ ದಿನ ಅಪ್ಪ ಹೇಳುತ್ತಿದ್ದ ಮಾತು ಕಿವಿಯಲ್ಲಿ ಗುಂಯ್ಗುಡುತ್ತದೆ: “ದಲಾಲ ಮಾಲು ಬ್ಯಾಡ ಅನ್ನೂದಿಲ್ಲವ್ವಾ. ತಕ್ಕಡಿ ಕಲ್ಲು ಬದಲಸ್ತಾನ.”

ಆ ಕಲ್ಲು ಎಷ್ಟು ಸಲ ಬದಲಾಗಿದೆ! 1992ರಲ್ಲಿ ಹೆಣ್ಣುಮಕ್ಕಳನ್ನು ತೆಗೆದುಕೊಂಡಾಗ ಐದೇ ವರ್ಷ ಅಂದರು. ಅದನ್ನು ಜಗ್ಗಿ ಜಗ್ಗಿ ಹದಿನಾಲ್ಕಕ್ಕೆ ತಂದರು. 2003ರಲ್ಲಿ ವಕೀಲೆ ಬಬಿತಾ ಪುನಿಯಾ ಪರ್ಮನೆಂಟ್ ಕಮಿಷನ್ ಕೇಳಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2010ರಲ್ಲಿ ತೀರ್ಪು ಹೆಣ್ಣುಮಕ್ಕಳ ಪರವಾಗಿ ಬಂತು, ಸರ್ಕಾರ ಮೇಲ್ಮನವಿ ಹಾಕಿತು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಇಲ್ಲವೆಂದು ಸ್ಪಷ್ಟಪಡಿಸಿದರೂ ಕಡತ ಕೂತಲ್ಲೇ ಕೂತಿತು.

2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಹೆಣ್ಣುಮಕ್ಕಳ ಪರವಾಗಿಯೇ ಬಂದ ರಾತ್ರಿ, ಸರ್ಕಾರ ಸಲ್ಲಿಸಿದ್ದ ಟಿಪ್ಪಣಿಯ ಮಾತುಗಳನ್ನು ಅದರೊಳಗೇ ಓದಿದ್ದೀರಿ. ಬಸುರು, ತಾಯ್ತನ, ಸಂಸಾರ, ಮೈಯ ಮಿತಿ. ಕೊನೆಗೆ ಇನ್ನೊಂದು: ಜವಾನರು ಹೆಚ್ಚಾಗಿ ಹಳ್ಳಿಯವರು, ಹೆಣ್ಣಿನ ಹುಕುಂ ಒಪ್ಪಲು ಅವರ ಮನಸ್ಸು ಇನ್ನೂ ತಯಾರಿಲ್ಲ. ನಿಮಗೆ ನಗು ಬಂತು, ಅದು ಗಂಟಲಲ್ಲೇ ಕಹಿಯಾಯಿತು. ಸಂಗೊಳ್ಳಿ ನಿಮ್ಮದೇ ತಾಲೂಕು. ರಾಯಣ್ಣ ಯಾರ ಹುಕುಮಿಗೆ ಕತ್ತಿ ಹಿರಿದ? 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ಅಮಟೂರ ಬಾಳಪ್ಪ ಯಾರ ದಂಡಿನವನು? ರಾಣಿ ಚೆನ್ನಮ್ಮನ ಆ ಬಂಟರೂ ಹಳ್ಳಿಯವರೇ ಅಲ್ಲವೆ? ತೀರ್ಪು ಮಾತ್ರ ಬೇರೆ ಸಾಕ್ಷಿ ಕೊಟ್ಟಿತ್ತು. 2016ರಲ್ಲಿ ಬಹುರಾಷ್ಟ್ರ ಕವಾಯತಿನಲ್ಲಿ ಭಾರತದ ತುಕಡಿಯನ್ನು ಮುನ್ನಡೆಸಿದ ಸೋಫಿಯಾ ಖುರೇಷಿಯ ಹೆಸರು ಅದರಲ್ಲಿತ್ತು. ಆಕೆ ಗೋಕಾಕದ ಕೊಣ್ಣೂರಿನ ಸೊಸೆ.

“ಇಳೀರಿ, ಮೇಡಂ.”

ಇಳಿಯುತ್ತೀರಿ. ಕಾಲು ಕೊಂಚ ಅದುರುತ್ತದೆ. ಯಾರೂ ನೋಡಲಿಲ್ಲ ತಾನೆ?

ಪಟ್ಟಿ ಬರುತ್ತದೆ. 615ರಲ್ಲಿ 277. ಮೇಲಿನಿಂದ ಕೆಳಗೆ ಓದುತ್ತೀರಿ, ಕೆಳಗಿನಿಂದ ಮೇಲೆ. ಬೆರಳು ಬೆವೆತು ಕಾಗದಕ್ಕೆ ಅಂಟುತ್ತದೆ. ಇಲ್ಲ. ನಿಮ್ಮ ಹೆಸರಿಲ್ಲ. ಆಯ್ಕೆ ಮಂಡಳಿ ತೆರೆದು ನೋಡಿದ್ದು ಮೊದಲ ಐದು ಇಲ್ಲವೇ ಹತ್ತು ವರ್ಷಗಳ ಗೋಪ್ಯ ವರದಿಗಳನ್ನಷ್ಟೇ. ಹೆಂಗಸರಿಗೆ ಮುಂದೆ ದಾರಿಯೇ ಇಲ್ಲ ಎಂದುಕೊಂಡು ಮೇಲಧಿಕಾರಿಗಳು ಬರೆದ ವರದಿಗಳವು. ಆಮೇಲೆ ದುಡಿದದ್ದು ಲೆಕ್ಕಕ್ಕಿಲ್ಲ. ಕಡತಕ್ಕೆ ನೀವು ಹತ್ತು ವರ್ಷದವರು, ತಕ್ಕಡಿಗೆ ನಲವತ್ತೈದರವರು.

ವಕಾಲತ್ತುನಾಮೆ ಮುಂದಿದೆ. ಸುಮ್ಮನಿದ್ದರೆ ಪಿಂಚಣಿ ಉಂಟು, ಬೀಳ್ಕೊಡುಗೆಯ ಊಟ ಉಂಟು. ಸಹಿ ಹಾಕಿದರೆ ಇಪ್ಪತ್ತು ವರ್ಷ ಅನ್ನ ಕೊಟ್ಟ ಸೇನೆಯ ಎದುರು ನಿಲ್ಲಬೇಕು. ಊರಿಗೆ ಫೋನು ಹಚ್ಚುತ್ತೀರಿ.

“ಯವ್ವಾ, ಕೋರ್ಟಿಗೆ ಹೋಗ್ಲೇನ?”

ಅತ್ತ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. “ಬ್ಯಾಡ ಅಂದ್ರ ಬಿಡಾಕೇನ ನೀ? ಕೇಳಾಕ ಫೋನ್ ಹಚ್ಚೀದಿ. ಹೋಗು.”

ಸಹಿ ಬೀಳುತ್ತದೆ.

2021ರ ಮಾರ್ಚ್ 25. ಆ ವೈದ್ಯಕೀಯ ಅಳತೆಯನ್ನು ಇಂದಿನ ಮೈಗಲ್ಲ, ಐದನೆಯ ಅಥವಾ ಹತ್ತನೆಯ ವರ್ಷದ ಮೈಗೆ ಹಿಡಿಯಬೇಕು ಎನ್ನುತ್ತದೆ ಸುಪ್ರೀಂ ಕೋರ್ಟ್. ನೋಡಲು ಸಮಾನವಾಗಿ ಕಾಣುವ ನಿಯಮವೂ ಭೇದ ಮಾಡಬಲ್ಲದು ಎನ್ನುತ್ತದೆ. ಉಸಿರು ಬಿಡುತ್ತೀರಿ. ಆದರೂ ತಿಂಗಳುಗಳು ಉರುಳುತ್ತವೆ. ಆ ನವೆಂಬರ್ 12ರಂದು ನ್ಯಾಯಾಂಗ ನಿಂದನೆಯ ಮಾತು ಕೋರ್ಟಿನ ಬಾಯಿಗೆ ಬಂದ ಮೇಲಷ್ಟೇ, ಅದೇ ದಿನ, ಇನ್ನೂ 11 ಮಂದಿಯನ್ನು ಕಾಯಂ ಮಾಡಲು ಸೇನೆ ಒಪ್ಪುತ್ತದೆ. ಅಷ್ಟು ಬೇಗ ಆಗುವ ಕೆಲಸವೇ ಅದು!

2025ರ ಮೇ 30. ಟಿವಿಯಲ್ಲಿ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ಎನ್‌ಡಿಎಯ, ಮೈದಾನ. ಗಂಡುಹುಡುಗರ ಸಾಲಿನಲ್ಲಿ ಹದಿನೇಳು ಹುಡುಗಿಯರು ಹೆಜ್ಜೆ ಹಾಕಿ ಹೊರಬರುತ್ತಿದ್ದಾರೆ, ಎನ್‌ಡಿಎ ಕಂಡ ಮೊದಲ ಹುಡುಗಿಯರು. ಕಾಲಾಳು ಪಡೆಯ ಬಾಗಿಲು ಇವರಿಗಿನ್ನೂ ತೆರೆದಿಲ್ಲ. ನೀವು ಅವರ ಮುಖ ನೋಡುತ್ತಿಲ್ಲ, ಮೊಣಕಾಲು ನೋಡುತ್ತಿದ್ದೀರಿ. ನಿಮ್ಮ ಕೈ ತಾನಾಗಿ ಬಲಮಂಡಿಯ ಮೇಲೆ ಕೂರುತ್ತದೆ.