ಸನ್ನತಿಯ ಶಾಸನಶಿಲೆ

ಭೀಮಾ ನದಿಯ ದಂಡೆಯ ಮೇಲಿರುವ ಸನ್ನತಿಯು ಕಲಬುರಗಿ ಸೀಮೆಯ ಭಕ್ತಜನರಿಗೆ ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಚಿರಪರಿಚಿತವಾದುದು. 1986ರಲ್ಲಿ ಆ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಛಾವಣಿ ಕುಸಿದು ಮೂರ್ತಿಗೆ ಭಂಗವುಂಟಾಯಿತು. ಪೀಠವಾಗಿದ್ದ ಕಲ್ಲನ್ನು ಪರಿಶೀಲಿಸಲಾಗಿ, ಅದರ ಎರಡು ಮುಖಗಳಲ್ಲಿಯೂ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವು ಕಂಡುಬಂದಿತು. ಅದು ಮೌರ್ಯ ಚಕ್ರವರ್ತಿ ಅಶೋಕನ ಶಾಸನ! ಮೂರ್ತಿಯನ್ನು ನಿಲ್ಲಿಸಲೆಂದು ನಡುವೆ ಕೊರೆದ ಚೌಕರಂಧ್ರದಲ್ಲಿ ಹಲವು ಅಕ್ಷರಗಳು ಅಳಿದುಹೋಗಿವೆ. ಕೊರೆದವರನ್ನು ದೂಷಿಸಲಾಗದು, ದೇವಿಯ ಪಾದದಡಿ ಇದ್ದುದರಿಂದಲೇ ಆ ಶಿಲೆ ನಮ್ಮವರೆಗೆ ಉಳಿದು ಬಂದಿತೆಂದು ನನಗೆ ತೋರುತ್ತದೆ.

ಈ ಶಿಲೆಯ ಒಂದು ಭಾಗದಲ್ಲಿರುವುದು ಅಶೋಕನ ಎರಡು ಪ್ರತ್ಯೇಕ ಶಾಸನಗಳು. ಅದುವರೆಗೆ ಅವು ದೊರೆತಿದ್ದುದು ಕಳಿಂಗದಲ್ಲಿ, ಎಂದರೆ ಇಂದಿನ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದರು, ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರು ಎಂದು ಅಶೋಕನೇ ತನ್ನ 13ನೆಯ ಶಿಲಾಶಾಸನದಲ್ಲಿ ಹೇಳಿಕೊಂಡು ಪಶ್ಚಾತ್ತಾಪಪಟ್ಟಿದ್ದಾನೆ. ಆದರೆ ಆ ಶಾಸನವನ್ನು ಕಳಿಂಗದ ಬಂಡೆಗಳ ಮೇಲೆ ಕೆತ್ತಿಸಲಿಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಯ ಮುಂದೆ ನಿಂತು, ಕೊಂದವನು ತನ್ನ ದುಃಖವನ್ನು ವರ್ಣಿಸುವುದು ಉಚಿತವೇ? ಅಶೋಕನು ಹಾಗೆ ಯೋಚಿಸಿದನೋ ಇಲ್ಲವೋ, ಅಲ್ಲಿ ಅವನು ಆಡಿಸಿದ ಮಾತಂತೂ ಬೇರೆ. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಹೇಳಿ, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂದು ಅಧಿಕಾರಿಗಳಿಗೆ ವಿಧಿಸಿದನು. ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯಗಳು ನ್ಯಾಯವನ್ನು ಕೆಡಿಸುವುವೆಂದು ಅವರನ್ನು ಎಚ್ಚರಿಸಿದನು. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಗಟ್ಟಿಯಾಗಿ ಓದಿ ಕೇಳಿಸಬೇಕು. ನಡುವಿನ ದಿನಗಳಲ್ಲಿ ಕೇಳುವವನು ಒಬ್ಬನೇ ಇದ್ದರೂ ಓದಬಹುದು ಎಂಬ ಅಪ್ಪಣೆಯೂ ಅದರಲ್ಲಿಯೇ ಇದೆ. ಇದು ಕಣ್ಣಿಗಾಗಿ ಬರೆದುದಲ್ಲ, ಕಿವಿಗಾಗಿ ಬರೆದುದು.

ಸನ್ನತಿಯ ಶಿಲೆಯಲ್ಲಿ ಇನ್ನೊಂದು ವಿಶೇಷವಿದೆ. ಕಳಿಂಗದ ಬಂಡೆಗಳಲ್ಲಿ ಇಲ್ಲದ 12ನೆಯ ಶಾಸನದ ಭಾಗವೂ ಇದರಲ್ಲಿ ಉಳಿದಿದೆ. ಎಲ್ಲ ಮತಪಂಥಗಳ ಸಾರವೂ ವೃದ್ಧಿಯಾಗಬೇಕು, ಅದಕ್ಕೆ ಮೂಲವು ನಾಲಗೆಯ ಸಂಯಮ ಎಂಬುದು ಅದರ ಅಭಿಪ್ರಾಯ. ಪ್ರಾಕೃತದ ‘ವಚಿಗುತಿ’ಯೆಂದರೆ ಮಾತನ್ನು ಕಾಯ್ದುಕೊಳ್ಳುವುದು. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಪರರ ಪಂಥವನ್ನು ತೆಗಳಬಾರದು, ಸಂದರ್ಭವೊದಗಿದರೂ ಮಿತವಾಗಿರಬೇಕು. ತನ್ನದರ ಮೇಲಿನ ಭಕ್ತಿಯಿಂದಲೇ ಅನ್ಯರನ್ನು ನಿಂದಿಸುವವನು ತನ್ನ ಪಂಥಕ್ಕೇ ಹೆಚ್ಚಿನ ಹಾನಿಯನ್ನು ಮಾಡುತ್ತಾನೆ. ಒಬ್ಬರ ಧರ್ಮವನ್ನು ಒಬ್ಬರು ಕೇಳಬೇಕು. ವೇದಿಕೆಯೇರಿ ಪ್ರವಚನ ಮಾಡುವ ನಮ್ಮಂಥವರು ಈ ಭಾಗವನ್ನು ಮತ್ತೆ ಮತ್ತೆ ಓದಿಕೊಳ್ಳತಕ್ಕದ್ದು. ಶಾಂತಿಯ ಭಾಷಣವೆಂದರೆ ಇನ್ನಷ್ಟು ಮಾತು ಎಂದೇ ನಾವು ಭಾವಿಸಿದ್ದೇವೆ; ಎಲ್ಲಿ ನಿಲ್ಲಿಸಬೇಕೆಂಬುದನ್ನು ಈ ದೊರೆ ಮೊದಲು ಯೋಚಿಸಿದ.

ಹಾಗೆಂದು ಅವನನ್ನು ಸಂತನನ್ನಾಗಿಸುವುದು ಬೇಡ. ಗೆದ್ದ ಕಳಿಂಗವನ್ನು ಅವನು ಹಿಂದಿರುಗಿಸಲಿಲ್ಲ. ಪಶ್ಚಾತ್ತಾಪದ ಆ 13ನೆಯ ಶಾಸನದಲ್ಲಿಯೇ, ತನಗೆ ದಂಡಿಸುವ ಶಕ್ತಿಯಿದೆಯೆಂದು ಅಡವಿಯ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಆದರೂ ಖಡ್ಗ ಕೈಯಲ್ಲಿರುವಾಗಲೇ ಮಾತಿನಿಂದ ಮನಸ್ಸನ್ನು ಒಲಿಸಿಕೊಳ್ಳಲು ಹೊರಟುದು ಸಣ್ಣ ಸಂಗತಿಯಲ್ಲ.

ದೇವಿಯ ದರ್ಶನಕ್ಕೆ ಹೋದವರು ಸಮೀಪದ ಕನಗನಹಳ್ಳಿಯನ್ನೂ ನೋಡಿ ಬರಬೇಕು. ಅಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಮಹಾಸ್ತೂಪವೊಂದು ಬೆಳಕಿಗೆ ಬಂದಿತು. ಅಶೋಕನು ಕಾಲವಾದ ಬಹುಕಾಲದ ಮೇಲೆ ಕಡೆದ ಅಲ್ಲಿಯ ಚಪ್ಪಡಿಯೊಂದರಲ್ಲಿ ರಾಣಿ ಪರಿವಾರದೊಡನೆ ಅರಸನೊಬ್ಬನು ನಿಂತಿದ್ದಾನೆ. ಅವನು ಯಾರೆಂಬುದನ್ನು ಶಿಲ್ಪಿಯೇ ಬ್ರಾಹ್ಮಿಯಲ್ಲಿ ಬರೆದಿಟ್ಟಿದ್ದಾನೆ: ರಾಜ ಅಶೋಕ.