ಮೂರು ಸಲ ತೂಗಿ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ಅವರು ನಗುತ್ತ ಕೇಳಿದರು: "ಸರ್, ಪ್ರಯೋಗಾಲಯದಲ್ಲಿ ನೀವು ಪ್ರತಿಯೊಂದನ್ನೂ ಮೂರು ಸಲ ತೂಗಿಸುತ್ತಿದ್ದಿರಿ. ಅಡುಗೆ ಉಪ್ಪನ್ನು ಕೂಡ! ಅದೇಕೆ ಅಷ್ಟೊಂದು ಹಟ?" ನಾನೂ ನಕ್ಕು ಮಾತು ತೇಲಿಸಿಬಿಟ್ಟೆ. ಅವರು ಹೋದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ಪ್ರಶ್ನೆಗೆ ಉತ್ತರವಿದೆ. ಆದರೆ ಅದನ್ನು ಸುಮಾರು ಅರುವತ್ತು ವರ್ಷಗಳಿಂದ ನಾನು ಮನೆಯವರಿಂದಲೂ ಮುಚ್ಚಿಟ್ಟುಕೊಂಡು ಬಂದಿದ್ದೇನೆ. ಅದನ್ನು ಹೇಳಲು ಅಮೆರಿಕಾದ ಒಂದು ಗ್ಯಾರೇಜಿನಿಂದ ಆರಂಭಿಸಬೇಕು.

2011ರಲ್ಲಿ ನಾನೂ ನನ್ನ ಪತ್ನಿಯೂ ಕೊಲರಾಡೋದ ಫೋರ್ಟ್ ಕಾಲಿನ್ಸ್ ಪಟ್ಟಣದಲ್ಲಿದ್ದ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆವು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ವೃದ್ಧರೊಬ್ಬರು ಒಂಟಿಯಾಗಿ ವಾಸಿಸುತ್ತಿದ್ದರು. ಶರದೃತು ಸಮೀಪಿಸಿದಂತೆ ಅವರ ಗ್ಯಾರೇಜಿನಲ್ಲಿ ಸಂಜೆಹೊತ್ತು ದೀಪ ಉರಿಯತೊಡಗಿತು. ಒಂದು ದಿನ ಅವರೇ ಕರೆದು ತೋರಿಸಿದರು. ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಯ ಕಾಲಕ್ಕಾಗಿ ಅವರು ತಮ್ಮ ರೈಫಲಿನ ತೋಟಾಗಳನ್ನು ತಾವೇ ಕೈಯಿಂದ ತುಂಬಿಕೊಳ್ಳುತ್ತಿದ್ದರು. ಆ ದೇಶದಲ್ಲಿ ಇದು ಕಾನೂನುಬದ್ಧವಾದ ಹವ್ಯಾಸ. ಅಂಗಡಿಯ ತೋಟಾಕ್ಕಿಂತ ಅಗ್ಗ, ತಮ್ಮ ರೈಫಲಿಗೆ ಒಪ್ಪುವಂತೆ ಹದಮಾಡಿಕೊಳ್ಳಬಹುದು, ಹಳೆಯ ಕಾಲದ ಬಂದೂಕುಗಳಿಗೆ ಅಂಗಡಿಯಲ್ಲಿ ಸಿಗದ ತೋಟಾಗಳನ್ನೂ ಸಿದ್ಧಪಡಿಸಬಹುದು ಎಂದು ಅವರು ವಿವರಿಸಿದರು.

ಅವರ ಮೇಜಿನ ಮೇಲಿದ್ದದ್ದು 'ಫಾರ್ಟಿಫೈವ್ ಸೆವೆಂಟಿ' ಎಂಬ ತೋಟಾ. 1873ರಲ್ಲಿ ಅಮೆರಿಕಾದ ಸೈನ್ಯ ಸ್ವೀಕರಿಸಿದ್ದು. ಹೆಸರಿನಲ್ಲಿಯೇ ಅದರ ಜಾತಕವಿದೆ. ಗುಂಡಿನ ವ್ಯಾಸ ಅಂಗುಲದ ನೂರರಲ್ಲಿ ಸುಮಾರು 45 ಭಾಗ. ಒಳಗೆ ತುಂಬುತ್ತಿದ್ದ ಕರಿಮದ್ದು 70 ಗ್ರೇನ್. ಗ್ರೇನ್ ಎಂದರೆ ಮೂಲದಲ್ಲಿ ಒಂದು ಧಾನ್ಯದ ಕಾಳಿನ ತೂಕ. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳುವುದಾದರೆ ಒಂದು ತೊಲಕ್ಕೆ 180 ಗ್ರೇನ್, 96 ಗುಲಗಂಜಿ. ಆದ್ದರಿಂದ 70 ಗ್ರೇನ್ ಸುಮಾರು 37 ಗುಲಗಂಜಿಯಾಯಿತು, ನಾಲ್ಕೂವರೆ ಗ್ರಾಮ್.

ಕೆಲಸದ ಕ್ರಮವನ್ನು ನಾನು ವಿದ್ಯಾರ್ಥಿಯಂತೆ ನಿಂತು ನೋಡಿದೆ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೊಳವೆಯನ್ನು ಎಸೆಯುವುದಿಲ್ಲ. ಅದನ್ನು ಉಜ್ಜಿ ಶುಚಿಮಾಡಿ, ಎಲ್ಲಿಯಾದರೂ ಸೀಳಿದೆಯೇ ಎಂದು ಪರೀಕ್ಷಿಸಿ, ಎಣ್ಣೆ ಸವರಿ ಅಚ್ಚಿನೊಳಗೆ ಒತ್ತುತ್ತಾರೆ. ಉಬ್ಬಿದ್ದ ಕೊಳವೆ ಮೊದಲಿನ ಗಾತ್ರಕ್ಕೆ ಬರುತ್ತದೆ. ತಳದ ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸುತ್ತಾರೆ. ಆಮೇಲೆ ಮದ್ದನ್ನು ತೂಗಿ ಹಾಕುವುದು. ಕೊನೆಗೆ ಗುಂಡನ್ನು ಬಾಯಿಗೆ ಒತ್ತಿ ಬಿಗಿಮಾಡುವುದು. ಒಂದು ತೋಟಾಕ್ಕೆ ಮದ್ದು ತೂಗುವಾಗ ಅವರು ಉಸಿರು ಹಿಡಿದುಕೊಳ್ಳುತ್ತಿದ್ದರು. ನಮ್ಮ ಕಾಲೇಜಿನ ಗಾಜಿನ ಪೆಟ್ಟಿಗೆಯ ತಕ್ಕಡಿ ನೆನಪಾಯಿತು.

ಅವರು ಬಳಸುತ್ತಿದ್ದದ್ದು ಕರಿಮದ್ದಲ್ಲ, ಆಧುನಿಕವಾದ ಹೊಗೆರಹಿತ ಮದ್ದು. ಇವೆರಡೂ ಹೆಸರಿಗೆ ಮಾತ್ರ ಬಂಧುಗಳು. ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಬೆರಕೆ. ಅದು ಉರಿದಾಗ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಘನಪದಾರ್ಥವಾಗಿ ಉಳಿಯುತ್ತದೆ; ಆ ದಟ್ಟ ಬಿಳಿ ಹೊಗೆ, ನಳಿಗೆಯ ಮಸಿ ಎಲ್ಲವೂ ಅದೇ. ಹೊಗೆರಹಿತ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಬಂದೂಕಿಗೆ ಒಗ್ಗುವಂತೆ ಪಳಗಿಸಿದ. ಅದು ಬಹುಪಾಲು ಅನಿಲವಾಗಿಯೇ ಮಾರ್ಪಡುತ್ತದೆ. ಅಷ್ಟೇ ಅಲ್ಲ, ಕೊಳವೆಯೊಳಗೆ ಒತ್ತಡ ಏರಿದಂತೆಲ್ಲ ಅದು ಉರಿಯುವ ವೇಗವೂ ಏರುತ್ತದೆ. ವೇಗ ಏರಿದಂತೆ ಮತ್ತೆ ಒತ್ತಡ ಏರುತ್ತದೆ. ಕಾಳಿನ ಆಕಾರ, ಗಾತ್ರ, ಮೇಲಣ ಲೇಪನ ಇವುಗಳಿಂದ ಆ ವೇಗವನ್ನು ಹಿಡಿತದಲ್ಲಿಡುವುದೇ ಮದ್ದು ತಯಾರಕರ ವಿದ್ಯೆ. ವೇಗದ ಮದ್ದು, ನಿಧಾನದ ಮದ್ದು ಎಂದು ಹತ್ತಾರು ಬಗೆಗಳಿವೆ. ನೋಡಲು ಒಂದರಂತೆಯೇ ಇನ್ನೊಂದು.

ಹಳೆಯ ತೋಟಾದಲ್ಲಿ ಇನ್ನೊಂದು ತೊಡಕಿದೆ. ಆ ಕೊಳವೆಯನ್ನು ರೂಪಿಸಿದ್ದು ಕರಿಮದ್ದಿನ ಗಾತ್ರಕ್ಕೆ. ಆಧುನಿಕ ಮದ್ದು ಅದರಲ್ಲಿ ಕೆಲವೊಮ್ಮೆ ಅರ್ಧವೂ ತುಂಬುವುದಿಲ್ಲ. ಗಮನ ತಪ್ಪಿ ಎರಡು ಸಲ ಸುರಿದರೂ ಹೊರಚೆಲ್ಲದೆ ಹಿಡಿಸಿಬಿಡಬಹುದು! ಆದ್ದರಿಂದ ಅವರು ಮೇಜಿನ ಮೇಲೆ ಒಂದೇ ಒಂದು ಮದ್ದಿನ ಡಬ್ಬಿ ಇಡುತ್ತಿದ್ದರು. ತುಂಬಿದ ಕೊಳವೆಗಳನ್ನೆಲ್ಲ ಮರದ ಮಣೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕುತ್ತಿದ್ದರು.

ಗೋಡೆಯಲ್ಲಿ ಎರಡು ರೈಫಲುಗಳಿದ್ದವು. ಒಂದು ಅವರ ಅಜ್ಜನ ಕಾಲದ 'ಟ್ರ್ಯಾಪ್‌ಡೋರ್' ಸ್ಪ್ರಿಂಗ್‌ಫೀಲ್ಡ್. ಇನ್ನೊಂದು 'ರೂಗರ್ ನಂಬರ್ ಒನ್', 1967ರಿಂದೀಚೆಗಿನ ಬಲವಾದ ಉಕ್ಕಿನದು. ಎರಡಕ್ಕೂ ಇದೇ ತೋಟಾ ಹೊಂದುತ್ತದೆ. ಆದರೆ ಹೊಸದು ತಡೆದುಕೊಳ್ಳುವ ಒತ್ತಡವನ್ನು ಹಳೆಯದು ತಡೆಯಲಾರದು. ಅದಕ್ಕಾಗಿ ಮದ್ದಿನ ಕೈಪಿಡಿಗಳಲ್ಲಿ ಈ ಒಂದೇ ತೋಟಾಕ್ಕೆ ಬಂದೂಕಿನ ಬಲವನ್ನನುಸರಿಸಿ ಮೂರು ಪ್ರತ್ಯೇಕ ಕೋಷ್ಟಕಗಳಿರುತ್ತವೆ. ಅವರು ಕೆಂಪು ಚೀಟಿ, ಹಸಿರು ಚೀಟಿ ಅಂಟಿಸಿ ಎರಡು ಪೆಟ್ಟಿಗೆಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದರು.

ನಾನು ಕೇಳಿದೆ: "ಎಷ್ಟು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೀರಿ?" "ನಲವತ್ತು" ಎಂದರು. "ಹಾಗಾದರೆ ಅಳತೆಯೆಲ್ಲ ಬಾಯಿಪಾಠವಾಗಿರಬೇಕು." ಅವರು ತಲೆಯಲ್ಲಾಡಿಸಿ, ಮುಂದೆ ತೆರೆದಿಟ್ಟಿದ್ದ ಕೈಪಿಡಿಯ ಮೇಲೆ ಬೆರಳಿಟ್ಟರು. "ನೆನಪಿನಿಂದ ನಾನು ಒಂದು ತೋಟಾವನ್ನೂ ತುಂಬಿಲ್ಲ" ಎಂದರು.

ಆ ಮಾತು ನನ್ನನ್ನು ಸೀದಾ 1966ರ ಮಳೆಗಾಲಕ್ಕೆ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಜಗುಲಿಗೆ ಒಯ್ದಿತು.

ಆಗ ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಚಿಕ್ಕಪ್ಪಯ್ಯನ ಬಳಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೇಪಿನ ಕೋವಿಯೊಂದಿತ್ತು. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕಿ ಈಡು ಮಾಡುವ ಕೋವಿ. ಮದ್ದಿನ ಅಳತೆಗೆ ಒಂದು ಬಿದಿರಿನ ಗೂಟೆ ಇತ್ತು. ಆ ವರ್ಷ ಜಡಿಮಳೆಗೆ ಮನೆಯಲ್ಲಿದ್ದ ಕರಿಮದ್ದು ಥಂಡಿ ಹಿಡಿದುಹೋಯಿತು. ಹಂದಿಗಳು ಗದ್ದೆಗೆ ಇಳಿಯುತ್ತಿದ್ದವು. ಯಾರೋ ತೋಟದ ಸಾಹುಕಾರರು ಕೊಟ್ಟಿದ್ದ ನಾಲ್ಕಾರು ತೋಟಾಗಳು ಮನೆಯಲ್ಲಿದ್ದವು. ಕೇಪಿನ ಕೋವಿಗೆ ತೋಟಾ ಹೊಂದುವುದಿಲ್ಲ. ಚಿಕ್ಕಪ್ಪಯ್ಯ ಒಂದನ್ನು ಬಿಚ್ಚಿ, ಒಳಗಿದ್ದ ಮದ್ದನ್ನು ಅಂಗೈಯಲ್ಲಿ ಹಿಡಿದು ನನ್ನ ಬಳಿ ಬಂದರು.

"ಏನಪ್ಪಾ, ನೀನು ಇದನ್ನೇ ಓದೋನು. ಇದನ್ನು ನಮ್ಮ ಕೋವಿಗೆ ಹಾಕಬಹುದಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಜಗುಲಿಯಲ್ಲಿ ಆಳುಮಕ್ಕಳು ಕುಳಿತಿದ್ದರು, ಅಪ್ಪಯ್ಯ ಕೇಳುತ್ತಿದ್ದರು. "ಮದ್ದು ಅಂದ ಮೇಲೆ ಎಲ್ಲಾ ಒಂದೇ ಚಿಕ್ಕಪ್ಪಯ್ಯಾ, ಇದರಲ್ಲಿ ಹೊಗೆ ಬರೋದಿಲ್ಲ, ಅಷ್ಟೇ" ಎಂದೆ.

ಚಿಕ್ಕಪ್ಪಯ್ಯ ಅದೇ ಬಿದಿರಿನ ಗೂಟೆಯ ತುಂಬ ಅಳೆದು ಹಾಕಿದರು. ಆ ರಾತ್ರಿ ಗದ್ದೆಯ ಕಡೆಯಿಂದ ಕೇಳಿದ ಸದ್ದು ಈಡಿನ ಸದ್ದಾಗಿರಲಿಲ್ಲ. ನಳಿಗೆ ಬುಡದಲ್ಲಿ ಸೀಳಿಹೋಗಿತ್ತು. ಎಡಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳು ಹೋದವು. ಎಡಕಿವಿ ಮತ್ತೆ ಕೇಳಿಸಲಿಲ್ಲ. ಕಣ್ಣು ಉಳಿದದ್ದು ಪುಣ್ಯ.

ಕೇಳಿದವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು: "ಹಳೇ ಕೋವಿ, ನಳಿಗೆ ತುಕ್ಕು ಹಿಡಿದಿತ್ತು." ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ನಾನೊಬ್ಬನೇ ಇದ್ದಾಗ ಬಾಯಿ ತೆರೆಯಹೋದೆ. ಅವರು ಉಳಿದ ಕೈಯಿಂದ ನನ್ನ ಕೈ ಒತ್ತಿ, "ಪರೀಕ್ಷೆ ಯಾವಾಗ?" ಎಂದು ಕೇಳಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಆ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮೂರು ಬೆರಳಿಲ್ಲದ ಕೈಯಲ್ಲಿ ಅವರು ಅಡಿಕೆ ಸುಲಿಯಲು ಮತ್ತೆ ಕಲಿತದ್ದನ್ನು ನೋಡುತ್ತ ನಾನು ಮೇಷ್ಟರಾದೆ.

ಆ ಗ್ಯಾರೇಜಿನಲ್ಲಿ, ನನ್ನ ಭಾಷೆ ಅರಿಯದ ಆ ವೃದ್ಧರಿಗೆ ನಾನು ಇದನ್ನು ಮೊತ್ತಮೊದಲು ಹೇಳಿದೆ. ಅವರು ಕೇಳಿ, ತಕ್ಕಡಿಯ ತಟ್ಟೆಯನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಕೊಲರಾಡೋದಲ್ಲಿ ಬಾಯಿಂದ ಮದ್ದು ತುಂಬುವ ಬಂದೂಕಿನವರಿಗೆ ಪ್ರತ್ಯೇಕ ಬೇಟೆಯ ಅವಧಿಯಿದೆ, ಆಗ ಹೊಗೆರಹಿತ ಮದ್ದನ್ನು ಬಳಸುವಂತಿಲ್ಲ ಎಂದು ತಿಳಿಸಿದರು. ಆಮೇಲೆ, "ನಿಮ್ಮ ಚಿಕ್ಕಪ್ಪನಿಗೆ ಕೈಪಿಡಿ ಇರಲಿಲ್ಲ, ನೀವಿದ್ದಿರಿ" ಎಂದರು. ನನ್ನನ್ನು ಚುಚ್ಚಲು ಹೇಳಿದ ಮಾತಲ್ಲ ಅದು. ಆದರೂ ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು.

ಈ ಪುಟವನ್ನು ಚಿಕ್ಕಪ್ಪಯ್ಯನ ಮಕ್ಕಳೂ ಮೊಮ್ಮಕ್ಕಳೂ ಓದುತ್ತಾರೆಂದು ಬಲ್ಲೆ. ತುಕ್ಕು ಹಿಡಿದದ್ದು ನಳಿಗೆಯಲ್ಲ ಎಂಬುದು ನಿಮಗೆ ತಿಳಿಯಬೇಕು. ಇಷ್ಟು ತಡವಾಗಿ ಹೇಳಿದ್ದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ.

ನನ್ನ ವಿದ್ಯಾರ್ಥಿಗಳೇ, ಮೂರು ಸಲ ಏಕೆ ತೂಗಿಸಿದೆನೆಂದು ಈಗ ತಿಳಿಯಿತಲ್ಲ? ತರಗತಿಯಲ್ಲಿ ನೀವು ಕೇಳಿದ ಎಷ್ಟೋ ಪ್ರಶ್ನೆಗಳಿಗೆ ನಾನು "ಗೊತ್ತಿಲ್ಲ, ನೋಡಿ ನಾಳೆ ಹೇಳುತ್ತೇನೆ" ಎನ್ನುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೆಲವರು ನಗುತ್ತಿದ್ದಿರಿ, ನನಗೆ ಕೇಳಿಸುತ್ತಿತ್ತು. ಬೇಸರವಾಗುತ್ತಿರಲಿಲ್ಲ. ಆ ಒಂದು ಮಾತನ್ನು ಕಲಿಯಲು ನಮ್ಮ ಮನೆಯಲ್ಲಿ ಮೂರು ಬೆರಳು ಹೋಗಿದ್ದವು.