ಪನಾಮಾದ ಕೆಂಪುಮಣ್ಣಿನ ದ್ವೀಪದಲ್ಲಿ

ಅಟ್ಲಾಂಟಿಕ್ ಹಾಗೂ ಶಾಂತಸಾಗರಗಳನ್ನು ಬೆಸೆಯುವ ಪನಾಮಾ ಕಾಲುವೆಯ ನಡುವೆ ಬಾರೊ ಕೊಲೊರಾಡೊ ಎಂಬ ದ್ವೀಪವಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ಕೆಂಪುಮಣ್ಣು ಎಂದರ್ಥ. ನೂರಿಪ್ಪತ್ತು ವರ್ಷಗಳ ಹಿಂದೆ ಅದು ದ್ವೀಪವಾಗಿರಲಿಲ್ಲ; ದಟ್ಟವಾದ ಅಡವಿಯ ಗುಡ್ಡವಾಗಿತ್ತು. ಹಡಗುಗಳ ಸಂಚಾರಕ್ಕಾಗಿ ಚಾಗ್ರೆಸ್ ನದಿಗೆ ಗಾಟೂನ್ ಎಂಬಲ್ಲಿ ಅಣೆಕಟ್ಟು ಕಟ್ಟಿದಾಗ ಕಣಿವೆಯೆಲ್ಲ ಜಲಮಯವಾಗಿ, ಗುಡ್ಡದ ಮೇಲ್ಭಾಗ ಮಾತ್ರ ನೀರಿನ ಮೇಲೆ ಉಳಿಯಿತು. 1914ರಲ್ಲಿ ಕಾಲುವೆ ತೆರೆಯಿತು. 1923ರಲ್ಲಿ ದ್ವೀಪವನ್ನು ಪ್ರಕೃತಿಯ ಅಧ್ಯಯನಕ್ಕೆಂದು ಮೀಸಲಿಟ್ಟರು. 1946ರಿಂದ ಅಮೆರಿಕೆಯ ಸ್ಮಿತ್ಸೋನಿಯನ್ ಸಂಸ್ಥೆಯು ಅದನ್ನು ನೋಡಿಕೊಳ್ಳುತ್ತಿದೆ.

ನನ್ನ ತಮ್ಮನ ಮಗಳು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, 2024ರ ಜೂನ್ ತಿಂಗಳಲ್ಲಿ ಆರು ತಿಂಗಳ ಸಂಶೋಧನಾ ತರಬೇತಿಗೆಂದು ಅಲ್ಲಿಗೆ ಹೋದಳು. ಕೈಗೆ ಬಂದಿದ್ದ ಅಧ್ಯಾಪಕಿಯ ಕೆಲಸವನ್ನು ಬಿಟ್ಟು, ಊಟ ವಸತಿಗಷ್ಟೇ ಸಾಲುವ ಶಿಷ್ಯವೇತನವನ್ನು ನೆಚ್ಚಿ ಹೊರಟಿದ್ದಳಾದ್ದರಿಂದ ಮನೆಯಲ್ಲಿ ಸಾಕಷ್ಟು ಚರ್ಚೆ ನಡೆದಿತ್ತು. ಹೊರಡುವ ಮುನ್ನ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಬೇಕಾಯಿತು. ಅದರ ಪ್ರಮಾಣಪತ್ರವಿಲ್ಲದೆ ಪನಾಮಾದಿಂದ ಮರಳುವವರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ತಡೆದು ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಆದರೆ ಬಾವಲಿಗಳನ್ನು ಕೈಯಲ್ಲಿ ಹಿಡಿಯುವವರು ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಮುಂಚಿತವಾಗಿ ತೆಗೆದುಕೊಳ್ಳಬೇಕೆಂದು ತಿಳಿದಾಗ ಅವಳ ತಾಯಿ, “ನಾಯಿ ಕಡಿಯೋಕಿಂತ ಮೊದಲ ಸೂಜಿ ಯಾಕ?” ಎಂದು ಕೇಳಿದಳಂತೆ. ಬಾವಲಿ ಎಂಬ ಮಾತು ಹೊರಬಿದ್ದುದು ಆಗಲೇ. ಸಂಜೆ ಬಾವಲಿ ಮನೆಯೊಳಗೆ ಬಂದರೆ ಅಪಶಕುನವೆಂದು ದೀಪ ಹಚ್ಚುವ ಮನೆತನ ನಮ್ಮದು.

ನಾನಾಗ ಹ್ಯೂಸ್ಟನ್ ನಗರದಲ್ಲಿ ಮಗನ ಮನೆಯಲ್ಲಿದ್ದೆ. ಹುಡುಗಿ ಇರುವ ಸ್ಥಳವನ್ನು ಹಿರಿಯರೊಬ್ಬರು ಕಣ್ಣಾರೆ ಕಂಡುಬರಲಿ ಎಂದು ತಮ್ಮನು ಕೇಳಿಕೊಂಡ ಮೇರೆಗೆ ಪನಾಮಾಕ್ಕೆ ಹೋದೆನು. ಗಾಂಬೋವಾ ಎಂಬ ಊರಿನಿಂದ ದೋಣಿಯಲ್ಲಿ ಒಂದು ತಾಸಿಗೆ ಒಳಪಟ್ಟ ಪ್ರಯಾಣ. ಮಹಡಿ ಮನೆಗಳನ್ನೇ ಹೇರಿಕೊಂಡಂತಿದ್ದ ಸರಕಿನ ಹಡಗುಗಳು ಪಕ್ಕದಲ್ಲಿಯೇ ಸಾಗುತ್ತಿದ್ದವು. ದಡ ಮುಟ್ಟಿ ನೂರು ಹೆಜ್ಜೆ ನಡೆದರೆ ಅರಚುಕೋತಿಗಳ ಘರ್ಜನೆ! ಹುಲಿಯೇ ಇರಬೇಕೆಂದು ನಾನು ನಿಂತುಬಿಟ್ಟಾಗ ಹುಡುಗಿ ಮರದ ತುದಿಯನ್ನು ತೋರಿಸಿ ನಕ್ಕಳು.

ಅವಳ ಕೆಲಸವಾದರೋ ಸೂರ್ಯಾಸ್ತದ ನಂತರದ್ದು. ಕೂದಲೆಳೆಯಂತಹ ದಾರದ ಬಲೆಗಳನ್ನು ಕಾಲುದಾರಿಗೆ ಅಡ್ಡಲಾಗಿ ಕಟ್ಟಿ, ಸಿಕ್ಕ ಬಾವಲಿಯನ್ನು ಬಿಡಿಸಿ, ತೂಗಿ, ಮುಂಗೈ ಮೂಳೆಯ ಉದ್ದವನ್ನು ಅಳೆದು, ಹಾರಬಿಡಬೇಕು. ಆ ಪುಟ್ಟ ದ್ವೀಪದಲ್ಲಿ 70ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ಅವುಗಳಲ್ಲೊಂದು ಕಪ್ಪೆಗಳನ್ನು ತಿನ್ನುತ್ತದೆ. ಟುಂಗಾರಾ ಎಂಬ ಗಂಡುಕಪ್ಪೆಯು ಮಳೆನೀರಿನ ಗುಂಡಿಯಲ್ಲಿ ಕುಳಿತು ಹೆಣ್ಣನ್ನು ಕರೆಯುತ್ತದೆ. ಮೊದಲು ಒಂದು ಎಳೆದ ದನಿ. ಅದರ ಬೆನ್ನಿಗೆ ‘ಚಕ್’ ಎಂಬ ಸದ್ದು. ಚಕ್ ಸೇರಿಸಿದ ಕೂಗನ್ನೇ ಹೆಣ್ಣುಕಪ್ಪೆ ಮೆಚ್ಚುತ್ತದೆ. ಬಾವಲಿಯೂ ಅದನ್ನೇ ಕೇಳಿ ಎರಗುತ್ತದೆ. ಮರ್ಲಿನ್ ಟಟಲ್ ಮತ್ತು ಮೈಕೆಲ್ ರಯಾನ್ ಎಂಬ ವಿಜ್ಞಾನಿಗಳು 1981ರಲ್ಲಿ ಇದನ್ನು ಪ್ರಕಟಿಸಿದರು. ಸುಮ್ಮನಿದ್ದರೆ ಸಂತತಿಯಿಲ್ಲ, ಕೂಗಿದರೆ ಪ್ರಾಣಕ್ಕೆ ಅಪಾಯ. ನಾನು ಓದಿದ ಸಂಸ್ಕೃತ ಪಾಠಶಾಲೆಯಲ್ಲಿ ಇಂತಹ ಉಭಯಸಂಕಟವನ್ನು ತರ್ಕದ ಉದಾಹರಣೆಯಾಗಿ ಕೊಟ್ಟಿದ್ದರೆ ಎಂದಿಗೂ ಮರೆಯುತ್ತಿರಲಿಲ್ಲ.

ದ್ವೀಪದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಮರಗಳ ಗಣತಿ. ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಎಂಬವರು 1980ರ ಸುಮಾರಿಗೆ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಅದರಲ್ಲಿ ಒಂದು ಸೆಂಟಿಮೀಟರ್ ದಪ್ಪದ ಸಸಿಯಿಂದ ಹಿಡಿದು ಪ್ರತಿಯೊಂದು ಮರಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿಸಿದರು. ಅಂಥವು ಎರಡು ಲಕ್ಷಕ್ಕೂ ಮಿಕ್ಕಿದ್ದವು. ಜಾತಿಗಳು ಸುಮಾರು 300. ಐದೈದು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಅಳೆಯುತ್ತಾರೆ. ಎಣಿಸಲು ತೊಡಗಿದವರೇ ಕೊನೆಯನ್ನು ಕಾಣುವುದಿಲ್ಲ.

ಇದೇ ಕ್ರಮದ ಇನ್ನೊಂದು 50 ಹೆಕ್ಟೇರ್ ಭೂಮಿ ನಮ್ಮ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯಲ್ಲಿದೆ ಎಂಬುದನ್ನು ಅವಳೇ ನನಗೆ ತಿಳಿಸಿದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರು 1988ರಲ್ಲಿ ಅದನ್ನು ಆರಂಭಿಸಿದರು. ಅಲ್ಲಿ ಆನೆ, ಕಾಳ್ಗಿಚ್ಚು ಎರಡೂ ಲೆಕ್ಕಕ್ಕೆ ಬರುತ್ತವೆ. ಹಾಗಾದರೆ ಇಷ್ಟು ದೂರ ಬಂದುದೇಕೆ ಎಂದು ಕೇಳಿದೆ. ನೂರು ವರ್ಷ ಬೇರ್ಪಟ್ಟ ಕಾಡು ಏನಾಗುತ್ತದೆಂಬುದನ್ನು ಇಲ್ಲಿ ನೋಡಬಹುದು ಎಂದಳು. ಸುತ್ತಲೂ ನೀರಾದ ಮೇಲೆ ಈ ದ್ವೀಪದಿಂದ ಹಲವಾರು ಜಾತಿಯ ಕಾಡುಹಕ್ಕಿಗಳು ಇಲ್ಲವಾದವು; ದಟ್ಟಡವಿಯ ನೆರಳಿನ ಹಕ್ಕಿಗಳಿಗೆ ಬಯಲು ನೀರನ್ನು ದಾಟಿ ಮರಳುವುದು ಸುಲಭವಲ್ಲ. ಲಿಂಗನಮಕ್ಕಿಯ ಅಣೆಕಟ್ಟಾದ ಮೇಲೆ ಶರಾವತಿಯ ಹಿನ್ನೀರಿನಲ್ಲಿ ನಡುಗಡ್ಡೆಗಳಾಗಿ ಉಳಿದ ಗುಡ್ಡಗಳನ್ನು ನಾನು ಎಷ್ಟೋ ಸಲ ಚೆಲುವೆಂದು ನೋಡುತ್ತ ನಿಂತಿದ್ದೇನೆ. ಅವುಗಳಲ್ಲಿ ಯಾವ ಹಕ್ಕಿಗಳು ಉಳಿದಿವೆ ಎಂಬ ಪ್ರಶ್ನೆ ನನಗೆ ಹೊಳೆದದ್ದು ಪನಾಮಾದಲ್ಲಿ.

ಭೋಜನಶಾಲೆಯಲ್ಲಿ ಅನ್ನ, ಹುರುಳಿಯ ಜಾತಿಯ ಕಾಳು, ಕರಿದ ಬಾಳೆಕಾಯಿ ದೊರೆಯುತ್ತವೆ; ಸಸ್ಯಾಹಾರಿಗೆ ಉಪವಾಸವಿಲ್ಲ. ಕೋಣೆಯಲ್ಲಿ ಜೊತೆಗೊಬ್ಬಳು ಬ್ರೆಜಿಲ್ ದೇಶದ ಹುಡುಗಿ. ಮಧ್ಯಾಹ್ನದ ದೋಣಿಗೆ ನಾನು ಹೊರಟಾಗ, “ದೊಡ್ಡಪ್ಪಾರ, ಬಾವಲಿ ಸುದ್ದಿ ಅವ್ವಗ ನೀವ ಹೇಳ್ರಿ, ನಾ ಹೇಳಿದ್ರ ಅಳ್ತಾಳ” ಎಂದಳು. ಹೇಳಿದೆ. ಕಪ್ಪೆಯ ಕಥೆಯನ್ನೂ ಹೇಳಿದೆ. ತಾಯಿ ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಬಲೆಯ ಹತ್ತಿರ ಅವಳೊಬ್ಬಳೇ ಇರುತ್ತಾಳೆಯೋ, ಜೊತೆಗೆ ಯಾರಾದರೂ ಇರುತ್ತಾರೆಯೋ? ಇಬ್ಬರು ಇರುತ್ತಾರೆ ಎಂದೆನು.